ಮಕ್ಕಳ ಸಂಗೋಪನೆಯೂ ಬೆಲೆಯಿಲ್ಲದ ಜ್ಞಾನಪ್ರಸಾದವೂ

(ಶ್ರೀಮಠದ ಅಮೃತ ಮಹೋತ್ಸವದ ಅಂಗವಾಗಿ ಜರುಗಿದ ಪಾಲಕರ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

 

ಈ ಮಹೋತ್ಸವದಲ್ಲಿ ನಾನೂ ಒಂದೆರಡು ಮಾತುಗಳನ್ನಾಡಬೇಕೆಂದು ಅಪ್ಪಣೆಯಾದಾಗ, ಷಟ್‌ಸ್ಥಲದ ವಿಷಯವಾಗಿ ನಿವೇದಿಸಿಕೊಳ್ಳುವೆನೆಂದು ಬಿನ್ನವಿಸಿದೆನು. ಸನ್ನಿಧಿಯವರು ನಸುನಕ್ಕು, "ಶಾಸ್ತ್ರಿಗಳೇ, ಅದನ್ನು ಹೇಳುವವರು ಬೇಕಾದಷ್ಟು ಜನರಿದ್ದಾರೆ. ಮಕ್ಕಳನ್ನು ಹೇಗೆ ಬೆಳೆಸಬೇಕೆಂದು ತಿಳಿಯದೆ ಮಠಕ್ಕೆ ಬಂದು ಕಣ್ಣೀರಿಡುವ ತಂದೆತಾಯಿಗಳಿದ್ದಾರಲ್ಲ, ಅವರಿಗೆ ಉಪಯೋಗವಾಗುವಂಥದನ್ನು ಹೇಳಿರಿ" ಎಂದು ಅಪ್ಪಣೆ ಕೊಡಿಸಿದರು. ನಾನು ಪಾಠಶಾಲೆಯ ಮನುಷ್ಯನು. ಶಬ್ದಮಂಜರಿ, ಅಮರಕೋಶ, ವಚನಗಳ ಟೀಕೆ ಇವುಗಳಲ್ಲಿ ಮೂವತ್ತು ವರ್ಷಗಳನ್ನು ಕಳೆದವನು. ಇಂದಿನ ಮಕ್ಕಳ ಕೈಯಲ್ಲಿರುವ ಯಂತ್ರಗಳ ವಿಷಯವು ನನಗೆ ಬಲ್ಲಷ್ಟು ಬಾರದು. ಆದರೂ ಗುರುವಿನ ಅಪ್ಪಣೆಯೇ ನನ್ನ ಅರ್ಹತೆಯೆಂದು ಭಾವಿಸಿ, ನಾನು ತಡವಾಗಿ ಕಲಿತುಕೊಂಡದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ಒಂದು ನಡೆದ ಸಂಗತಿ. ಕೆಲವು ವರ್ಷಗಳ ಹಿಂದೆ ನಮ್ಮ ಮಠದ ಭಕ್ತನೊಬ್ಬನು ಸೋಮವಾರದ ಪೂಜೆಗೆ ಬಂದಾಗ ಅವನ ಹೆಂಡತಿಯ ಕಿವಿಗಳು ಬರಿದಾಗಿದ್ದವು. ಕೇಳಲಾಗಿ, ಮಗನ ವಿದ್ಯಾಭ್ಯಾಸದ ಸಲುವಾಗಿ ಬೆಂಡೋಲೆಗಳನ್ನು ಅಡವಿಟ್ಟುದಾಗಿ ತಿಳಿಯಿತು. ಯಾರೋ ವ್ಯಾಪಾರಸ್ಥರು ಮನೆಗೆ ಬಂದು, "ಈ ಪಾಠದ ಯಂತ್ರವನ್ನು ಕೊಳ್ಳದಿದ್ದರೆ ನಿಮ್ಮ ಮಗನು ಹಿಂದೆ ಬೀಳುವನು" ಎಂದು ಹೆದರಿಸಿ, ತಿಂಗಳ ಕಂತುಗಳ ಕಾಗದಕ್ಕೆ ಸಹಿ ಮಾಡಿಸಿಕೊಂಡು ಹೋಗಿದ್ದರು. "ಹುಡುಗನ ಸಲುವಾಗಿ ಮಾಡೇನ್ರೀ ಶಾಸ್ತ್ರಿಗಳೇ. ನಾ ಅಂತೂ ಓದಲಿಲ್ಲ, ಅವನಾದ್ರೂ ಓದಲಿ" ಎಂದನು ಆ ತಂದೆ. ಅವನ ಮಾತಿನಲ್ಲಿ ದೋಷವೇನಿತ್ತು? ಮಗನ ಮೇಲಿನ ಮಮತೆಯೊಂದೇ ಇತ್ತು. ಆದರೆ ಅವನು ಸಾಲ ಮಾಡಿ ಕೊಂಡಂಥ ಪಾಠಗಳಲ್ಲಿ ಬಹುಪಾಲು ಅವನ ಮಗನ ಸರಕಾರೀ ಪಠ್ಯಪುಸ್ತಕದ ಪುಟಗಳ ಮೂಲಕವೇ ಒಂದು ಕಾಸೂ ಕೊಡದೆ ದೊರೆಯುತ್ತಿದ್ದವು ಎಂಬುದು ಅವನಿಗೆ ತಿಳಿದಿರಲಿಲ್ಲ. ನಾಚಿಕೆಯ ಮಾತೆಂದರೆ, ಅವನಿಗೆ ಹೇಳಬೇಕಾದ ನನಗೂ ಅದು ತಿಳಿದಿರಲಿಲ್ಲ. ನಮ್ಮ ಮಠದ ಶಾಲೆಯ ಒಂಬತ್ತನೆಯ ಇಯತ್ತೆಯ ಬಾಲಿಕೆಯೊಬ್ಬಳು ನನಗೆ ಅದನ್ನು ತೋರಿಸಿಕೊಟ್ಟಳು. ಅಂದಿನಿಂದ ಈ ವಿಷಯದಲ್ಲಿ ಅವಳೇ ನನ್ನ ಗುರುವು.

ಶರಣಬಂಧುಗಳೇ, ಬೆಲೆಯಿಲ್ಲದೆ ವಿದ್ಯೆಯನ್ನು ನೀಡುವದು ನಮ್ಮ ಪರಂಪರೆಗೆ ಹೊಸದಲ್ಲ. ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವು ಮಠಗಳ ಪ್ರಾಣವಾಗಿದೆ. ಹಾನಗಲ್ಲ ಕುಮಾರ ಶಿವಯೋಗಿಗಳು ೧೯೦೯ ರಲ್ಲಿ ಬಾದಾಮಿಯ ಬಳಿ ಶಿವಯೋಗಮಂದಿರವನ್ನು ಸ್ಥಾಪಿಸಿದಾಗ, ಅಲ್ಲಿಗೆ ಬಂದ ವಟುಗಳಿಂದ ಶುಲ್ಕ ಕೇಳಲಿಲ್ಲ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು ಜೋಳಿಗೆ ಹಿಡಿದು ಹಳ್ಳಿಹಳ್ಳಿ ತಿರುಗಿ ಬಡ ವಿದ್ಯಾರ್ಥಿಗಳಿಗೆ ಪ್ರಸಾದನಿಲಯವನ್ನು ನಡೆಯಿಸಿದರು. ೧೯೦೬ ರಲ್ಲಿ ಲಿಂಗೈಕ್ಯರಾದ ಶಿರಸಂಗಿಯ ಲಿಂಗರಾಜರು ತಮ್ಮ ಸಂಸ್ಥಾನದ ಆಸ್ತಿಯನ್ನೆಲ್ಲ ಮಕ್ಕಳ ವಿದ್ಯೆಗೆ ಬರೆದಿಟ್ಟರು. ೨೦೧೯ ರಲ್ಲಿ ನೂರಹನ್ನೊಂದನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಸಿದ್ಧಗಂಗೆಯ ಶಿವಕುಮಾರ ಮಹಾಸ್ವಾಮಿಗಳವರ ಪಂಕ್ತಿಯಲ್ಲಿ ಜಾತಿಮತಗಳ ಎಣಿಕೆಯಿಲ್ಲದೆ ಸಾವಿರಾರು ಮಕ್ಕಳು ಉಂಡು ಓದಿದರು. ಫ. ಗು. ಹಳಕಟ್ಟಿಯವರಂತೂ ವಕೀಲಿಯಿಂದ ಗಳಿಸಿದ್ದನ್ನೆಲ್ಲ ತಾಡವೋಲೆಗಳಿಗೆ ಸುರಿದು, ೧೯೨೩ ರಲ್ಲಿ ವಚನಶಾಸ್ತ್ರಸಾರವನ್ನು ಪ್ರಕಟಿಸಿ, ೧೯೨೫ ರಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದು, ೧೯೨೬ ರಿಂದ ಶಿವಾನುಭವ ಪತ್ರಿಕೆಯನ್ನು ಹೊರಡಿಸಿ, ಇದ್ದ ಮನೆಯನ್ನೂ ಮಾರಿಕೊಂಡರು. ಇಂದು ಇಪ್ಪತ್ತು ಸಾವಿರಕ್ಕೂ ಮಿಕ್ಕಿದ ವಚನಗಳನ್ನು ಒಂದು ಮಗು ಅಂತರ್ಜಾಲದಲ್ಲಿ ಒಂದು ಶಬ್ದವನ್ನು ಒತ್ತಿ ಹುಡುಕಿ ಓದಬಹುದಾಗಿದೆಯೆಂದರೆ, ಅದರ ಅಡಿಗಲ್ಲಿನಲ್ಲಿ ಆ ಮಹನೀಯರ ಮನೆಯ ಕಲ್ಲುಗಳಿವೆಯೆಂದು ತಿಳಿಯಬೇಕು.

ಇಲ್ಲಿ ನಾನು ಎರಡು ಶಬ್ದಗಳನ್ನು ವಿಂಗಡಿಸಲಿಚ್ಛಿಸುತ್ತೇನೆ. ಒಂದು 'ಬಿಟ್ಟಿ', ಮತ್ತೊಂದು 'ಪ್ರಸಾದ'. ಎರಡಕ್ಕೂ ಬೆಲೆ ಕೊಡುವದಿಲ್ಲ. ಆದರೆ ಬಿಟ್ಟಿ ಬಂದದ್ದನ್ನು ನಾವು ಮೂಲೆಗೆಸೆಯುತ್ತೇವೆ. ಪ್ರಸಾದವನ್ನು ಎರಡೂ ಕೈಗಳಿಂದ ಸ್ವೀಕರಿಸಿ, ಒಂದು ಅಗಳೂ ಚೆಲ್ಲದಂತೆ ಉಣ್ಣುತ್ತೇವೆ. ವಸ್ತುವಿನಲ್ಲಿ ಭೇದವಿಲ್ಲ, ಸ್ವೀಕರಿಸುವವನ ಭಾವದಲ್ಲಿ ಭೇದವಿದೆ. ಸರಕಾರವೂ ಸಜ್ಜನರೂ ಮಕ್ಕಳ ಸಲುವಾಗಿ ಬೆಲೆಯಿಲ್ಲದೆ ಇಟ್ಟಿರುವ ಸಾಧನಗಳು ಇಂದು ನಮ್ಮ ಹಳ್ಳಿಗಳ ಬಾಗಿಲಿಗೇ ಬಂದಿವೆ. ನಾವು ಅವನ್ನು ಬಿಟ್ಟಿಯೆಂದು ಕಂಡೆವು. ಆದುದರಿಂದಲೇ ಬೆಂಡೋಲೆಗಳನ್ನು ಅಡವಿಟ್ಟೆವು. ಅವನ್ನು ಪ್ರಸಾದವೆಂದು ಕಾಣುವದು ಹೇಗೆ ಎಂಬುದೇ ನನ್ನ ಇಂದಿನ ಉಪನ್ಯಾಸದ ಸಾರವು. ಮಗುವಿನ ವಯಸ್ಸನ್ನನುಸರಿಸಿ ಕ್ರಮವಾಗಿ ಹೇಳುತ್ತೇನೆ.

ಮೊದಲನೆಯದು ಶೈಶವ. ನಮ್ಮಲ್ಲಿ ಕೂಸು ಗರ್ಭದಲ್ಲಿರುವಾಗಲೇ ಲಿಂಗಸಂಸ್ಕಾರವನ್ನು ಮಾಡುವ ಪದ್ಧತಿಯಿದೆ. ಇದರ ಅರ್ಥವೇನು? ಮಗುವಿನ ಶಿಕ್ಷಣವು ಶಾಲೆಯ ಹಾಜರಿ ಪುಸ್ತಕದಿಂದ ಆರಂಭವಾಗುವದಿಲ್ಲವೆಂಬುದೇ ಅರ್ಥ. ಬಸುರಿಯಾದ ತಾಯಿಗೆ ಆರೋಗ್ಯ ಇಲಾಖೆಯವರು ಒಂದು 'ತಾಯಿ ಕಾರ್ಡು' ಕೊಡುತ್ತಾರೆ. ಚುಚ್ಚುಮದ್ದಿನ ದಿನ ಅದನ್ನು ಹೊರತೆಗೆದು, ಮರುದಿನ ಟ್ರಂಕಿನಲ್ಲಿಡುವದು ನಮ್ಮ ರೂಢಿ. ಅದನ್ನು ಒಮ್ಮೆ ಪೂರ್ತಿಯಾಗಿ ಓದಿಸಿ ಕೇಳಿರಿ. ಯಾವ ತಿಂಗಳಿಗೆ ಕೂಸು ನಗಬೇಕು, ಯಾವ ತಿಂಗಳಿಗೆ ಆಸರೆಯಿಲ್ಲದೆ ಕೂಡಬೇಕು, ಯಾವಾಗ ತೊದಲು ನುಡಿಯಬೇಕು, ಹಾಗಾಗದಿದ್ದರೆ ಯಾರ ಬಳಿಗೆ ಹೋಗಬೇಕು ಎಂಬುದೆಲ್ಲ ಅದರಲ್ಲಿ ಚಿತ್ರಸಹಿತವಾಗಿದೆ. ಹುಟ್ಟಿನಿಂದ ೧೮ ವರ್ಷದವರೆಗಿನ ಮಕ್ಕಳ ಅಂಗವೈಕಲ್ಯ, ರೋಗ, ಪೋಷಣೆಯ ಕೊರತೆ, ಬೆಳವಣಿಗೆಯ ವಿಳಂಬ ಇವುಗಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವು ೨೦೧೩ ರಿಂದ ನಡೆದಿದೆ. ಅದಕ್ಕೂ ಹಣ ಕೊಡಬೇಕಾಗಿಲ್ಲ. ಕಿವಿ ಕೇಳದ ಕೂಸನ್ನು 'ದೈವೇಚ್ಛೆ'ಯೆಂದು ನಾಲ್ಕು ವರ್ಷ ಮನೆಯಲ್ಲಿಟ್ಟುಕೊಂಡು, ಮಾತು ಕಲಿಯುವ ಕಾಲವನ್ನೇ ಕಳೆದುಕೊಳ್ಳಬಾರದು.

೧೯೭೫ ರ ಅಕ್ಟೋಬರ ೨ ರಂದು ದೇಶದ ೩೩ ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಮೂಲಕ ಅಂಗನವಾಡಿಗಳು ಹುಟ್ಟಿದವು. ಆ ಮೊದಲ ಸಾಲಿನಲ್ಲಿ ನಮ್ಮ ನಾಡಿನ ತಿರುಮಕೂಡಲು ನರಸೀಪುರವೂ ಇದ್ದಿತು. ಅಂಗನವಾಡಿಯೆಂದರೆ ಪೌಷ್ಟಿಕ ಆಹಾರ ಹಂಚುವ ಸ್ಥಳವೆಂದಷ್ಟೇ ನಾವು ತಿಳಿದಿದ್ದೇವೆ. ತಾಯಂದಿರಿಗೆ ಆರೋಗ್ಯ ಪೋಷಣೆಗಳ ಶಿಕ್ಷಣವನ್ನು ಕೊಡುವದೂ, ಮೂರರಿಂದ ಆರು ವರ್ಷದ ಮಕ್ಕಳಿಗೆ ಆಟಪಾಠಗಳನ್ನು ಕಲಿಸುವದೂ ಅದರ ಕರ್ತವ್ಯಗಳಾಗಿವೆ. ಕೇಳುವ ತಾಯಿಯಿದ್ದರೆ ಹೇಳುವ ಕಾರ್ಯಕರ್ತೆಯೂ ಹುರುಪುಗೊಳ್ಳುವಳು.

ಈ ವಯಸ್ಸಿನ ಕೂಸುಗಳಿಗೆ ಮೊಬೈಲು ತೋರಿಸಿ ಅನ್ನ ಉಣ್ಣಿಸುವ ಪದ್ಧತಿಯೊಂದು ಹಬ್ಬಿದೆ. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ ರಲ್ಲಿ ಪ್ರಕಟಿಸಿದ ಸೂಚನೆಯ ಪ್ರಕಾರ, ಒಂದು ವರ್ಷ ತುಂಬುವ ಮುನ್ನ ಕೂಸಿಗೆ ಪರದೆಯ ದರ್ಶನವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ತಾಸಿಗಿಂತ ಹೆಚ್ಚು ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಮೂರು ನಾಲ್ಕು ವರ್ಷದ ಮಗುವಿಗೆ ೧೦ ರಿಂದ ೧೩ ತಾಸುಗಳ ನಿದ್ರೆ ಬೇಕು. ಹಾಗಾದರೆ ಅಳುವ ಕೂಸಿಗೆ ಏನನ್ನು ಕೊಡಬೇಕೆಂದು ಕೇಳುವಿರಾ? ನಿಮ್ಮ ಅಜ್ಜಿಯು ಬೀಸುವ ಕಲ್ಲಿನ ಮುಂದೆ ಕುಳಿತು ನಿಮ್ಮ ತಾಯಿಗೆ ಕೊಟ್ಟದ್ದನ್ನೇ ಕೊಡಿರಿ. ಜೋಗುಳ, ಒಗಟು, ಕಥೆ ಇವು ಬೆಲೆಯಿಲ್ಲದ ಸಾಧನಗಳಲ್ಲಿ ಮೊಟ್ಟಮೊದಲನೆಯವು. ಅವುಗಳ ಭಂಡಾರವು ಮುದುಕಿಯರ ಬಾಯಲ್ಲಿದೆ. ಆ ಭಂಡಾರವು ದಿನದಿನಕ್ಕೆ ಬರಿದಾಗುತ್ತಿದೆ.

ಎರಡನೆಯದು ಆರು ವರ್ಷದಿಂದ ಹನ್ನೆರಡು ವರ್ಷದವರೆಗಿನ ಬಾಲ್ಯ. ೨೦೦೨ ರ ಸಂವಿಧಾನ ತಿದ್ದುಪಡಿಯಿಂದ ೬ ರಿಂದ ೧೪ ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣವು ಮೂಲಭೂತ ಹಕ್ಕಾಯಿತು. ೨೦೦೯ ರಲ್ಲಿ ಕಾಯಿದೆಯಾಗಿ, ೨೦೧೦ ರ ಏಪ್ರಿಲ ೧ ರಿಂದ ಜಾರಿಗೆ ಬಂದಿತು. ಅದೇ ತಿದ್ದುಪಡಿಯು ಆ ವಯಸ್ಸಿನ ಮಕ್ಕಳಿಗೆ ವಿದ್ಯೆಯ ಅವಕಾಶ ಕಲ್ಪಿಸುವದು ತಂದೆತಾಯಿಗಳ ಮೂಲಭೂತ ಕರ್ತವ್ಯವೆಂದೂ ಸಂವಿಧಾನದಲ್ಲಿ ಸೇರಿಸಿತು. ಹಕ್ಕನ್ನು ನಾವು ಬಲ್ಲೆವು. ಕರ್ತವ್ಯದ ಮಾತನ್ನು ಬಲ್ಲವರು ವಿರಳ. ಸರಕಾರೀ ಶಾಲೆಯ ಮಗುವಿಗೆ ಪುಸ್ತಕವೂ ಸಮವಸ್ತ್ರವೂ ದೊರೆಯುತ್ತವೆ. ಮಧ್ಯಾಹ್ನದ ಊಟಕ್ಕೆ ನಮ್ಮ ನಾಡಿನಲ್ಲಿ ೨೦೦೨ ರಲ್ಲಿ ಇಟ್ಟ ಹೆಸರು 'ಅಕ್ಷರ ದಾಸೋಹ'. ಆ ಹೆಸರು ಮಠಗಳ ಅಂಗಳದಿಂದ ಹೋದದ್ದೆಂಬ ಅಭಿಮಾನ ನಮಗಿರಲಿ. ಆದರೆ ಅಭಿಮಾನದ ಜೊತೆಗೆ, ಶಾಲೆಯ ಅಭಿವೃದ್ಧಿ ಮತ್ತು ಉಸ್ತುವಾರಿ ಸಮಿತಿಯ ಸಭೆಗೆ ಪಾಲಕರು ಹೋಗುವ ರೂಢಿಯೂ ಇರಲಿ. ೨೦೦೧ ರಿಂದ ಈ ಸಮಿತಿಗಳಿವೆ. ಅವು ಇರುವದು ಪಾಲಕರ ಸಲುವಾಗಿಯೇ.

ಆ ಬಾಲಿಕೆಯು ನನಗೆ ತೋರಿಸಿಕೊಟ್ಟದ್ದು ಇದು. ಪಠ್ಯಪುಸ್ತಕದ ಪಾಠದ ತಲೆಯಲ್ಲಿ ಕಪ್ಪು ಚುಕ್ಕೆಗಳ ಒಂದು ಚೌಕವಿರುತ್ತದೆ. ಅದನ್ನು ನಾನು ಮುದ್ರಕನ ಗುರುತೆಂದು ಬಗೆದಿದ್ದೆನು. ೨೦೧೭ ರಲ್ಲಿ ಆರಂಭವಾದ 'ದೀಕ್ಷಾ' ಎಂಬ ವ್ಯವಸ್ಥೆಯನ್ನು ಮೊಬೈಲಿನಲ್ಲಿ ತೆರೆದು ಆ ಚೌಕದ ಮೇಲೆ ಹಿಡಿದರೆ, ಅದೇ ಪಾಠದ ವಿವರಣೆ, ಚಲಚ್ಚಿತ್ರ, ಅಭ್ಯಾಸದ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ನಮ್ಮಲ್ಲಿ ದೀಕ್ಷೆಯೆಂದರೆ ಗುರುವು ಶಿಷ್ಯನಿಗೆ ಅರಿವಿನ ಕುರುಹನ್ನು ಕೈಯಲ್ಲಿ ಕೊಡುವದು. ಹೆಸರಿಟ್ಟವರು ಇದನ್ನು ಆಲೋಚಿಸಿಯೇ ಇಟ್ಟರೋ ತಿಳಿಯದು. ಆದರೆ ಆ ದಿನ ನನಗೆ ಆ ಹುಡುಗಿಯಿಂದ ದೊರೆತದ್ದು ದೀಕ್ಷೆಯೇ ಸರಿ. ೨೦೨೦ ರ ಮಹಾಮಾರಿಯ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಚಂದನ ದೂರದರ್ಶನದಲ್ಲಿ 'ಸಂವೇದ' ಎಂಬ ಹೆಸರಿನಿಂದ ಪಾಠಗಳನ್ನು ಬಿತ್ತರಿಸಿದರು. ಗಣಿತವನ್ನು ಕನ್ನಡದಲ್ಲಿ ಹಂತಹಂತವಾಗಿ ಕಲಿಸುವ ಖಾನ್ ಅಕಾಡೆಮಿಯ ಪಾಠಗಳೂ ಹಣವಿಲ್ಲದೆ ಲಭ್ಯವಿವೆ.

ಕಥೆಯ ಪುಸ್ತಕಗಳಿಲ್ಲವೆಂದು ಕೊರಗುವ ಕಾರಣವೂ ಉಳಿದಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ ಸಂಸ್ಥೆಯವರು ೨೦೧೫ ರ ಸಾಕ್ಷರತಾ ದಿನದಂದು 'ಸ್ಟೋರಿವೀವರ್' ಎಂಬ ಕಥಾಭಂಡಾರವನ್ನು ಅಂತರ್ಜಾಲದಲ್ಲಿ ತೆರೆದರು. ಅದರಲ್ಲಿ ಕನ್ನಡದ ಕಥೆಗಳು ಓದುವ ಶಕ್ತಿಗನುಸಾರವಾಗಿ ನಾಲ್ಕು ಮೆಟ್ಟಿಲುಗಳಾಗಿ ವಿಂಗಡವಾಗಿವೆ. ಓದಬಹುದು, ಇಳಿಸಿಕೊಳ್ಳಬಹುದು, ಮುದ್ರಿಸಿ ಹಂಚಬಹುದು, ಕೇಳುವವರಿಲ್ಲ. ವಿಜ್ಞಾನದ ಆಟಿಕೆಗಳಲ್ಲಿ ಆಸಕ್ತಿಯಿರುವ ಮಗುವಿಗೆ ಅರವಿಂದ ಗುಪ್ತ ಎಂಬ ಸಜ್ಜನರ ಭಂಡಾರವಿದೆ. ಕಾನಪುರದ ಐಐಟಿಯಲ್ಲಿ ಓದಿದ ಈ ಮಹನೀಯರು ಕಡ್ಡಿಪೆಟ್ಟಿಗೆಯ ಕಡ್ಡಿ, ಸೈಕಲ್ಲಿನ ವಾಲ್ವ್ ಟ್ಯೂಬು, ಹಳೆಯ ಕಾಗದ ಇವುಗಳಿಂದ ಮಾಡುವ ನೂರಾರು ಆಟಿಕೆಗಳ ವಿಧಾನವನ್ನೂ, ಮಕ್ಕಳ ಶಿಕ್ಷಣದ ಸಾವಿರಾರು ಪುಸ್ತಕಗಳನ್ನೂ ಎಲ್ಲರಿಗೂ ತೆರೆದಿಟ್ಟಿದ್ದಾರೆ. ಅಲ್ಲಿಯೇ ಗುಜರಾಥದ ಗಿಜುಭಾಯಿ ಬಧೇಕಾ ಅವರ 'ದಿವಾಸ್ವಪ್ನ'ವನ್ನು ಓದಬಹುದು. ೧೮೮೫ ರಲ್ಲಿ ಹುಟ್ಟಿದ ಗಿಜುಭಾಯಿಯವರು ವಕೀಲರಾಗಿದ್ದರು. ತಮಗೊಬ್ಬ ಮಗನು ಹುಟ್ಟಿದಾಗ, ಇವನನ್ನು ಹೇಗೆ ಬೆಳೆಸಲಿ ಎಂಬ ಚಿಂತೆಯಿಂದಲೇ ಶಿಕ್ಷಣಶಾಸ್ತ್ರವನ್ನು ಓದಿ, ವಕೀಲಿಯನ್ನು ಬಿಟ್ಟು, ೧೯೨೦ ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ತೆರೆದರು. ಮಗನಿಗಾಗಿ ಕಲಿತದ್ದನ್ನು ಊರ ಮಕ್ಕಳಿಗೆಲ್ಲ ಉಣಬಡಿಸಿದರು.

"ನಮ್ಮ ಮನೆಯಲ್ಲಿ ಮೊಬೈಲು ಒಂದೇ ಇದೆ; ಅದೂ ಯಜಮಾನರ ಸಂಗಡ ಹೊಲಕ್ಕೆ ಹೋಗುತ್ತದೆ" ಎಂದು ತಾಯಂದಿರು ಹೇಳುವರು. ಈ ಮಾತು ನಿಜ. ಆದುದರಿಂದಲೇ ಗ್ರಾಮ ಪಂಚಾಯತಿಯ ಗ್ರಂಥಾಲಯವನ್ನು ನೆನಪಿಸುತ್ತೇನೆ. ೨೦೧೯ ರಲ್ಲಿ ಈ ಗ್ರಂಥಾಲಯಗಳು ಪಂಚಾಯತರಾಜ್ಯ ಇಲಾಖೆಯ ಆಡಳಿತಕ್ಕೆ ಬಂದವು. ೨೦೨೦ ರ ಮಕ್ಕಳ ದಿನಾಚರಣೆಯಂದು 'ಓದುವ ಬೆಳಕು' ಎಂಬ ಕಾರ್ಯಕ್ರಮವು ಆರಂಭವಾಗಿ, ೬ ರಿಂದ ೧೮ ವರ್ಷದ ಮಕ್ಕಳಿಗೆ ಶುಲ್ಕವಿಲ್ಲದೆ ಸದಸ್ಯತ್ವ ದೊರೆಯಿತು. ಈಗ ಅವಕ್ಕೆ 'ಅರಿವು ಕೇಂದ್ರ'ಗಳೆಂದು ಹೆಸರು. ಅರಿವು ಎಂಬ ಶಬ್ದವನ್ನು ಶರಣರು ನಮ್ಮ ನಾಲಗೆಯ ಮೇಲಿಟ್ಟು ಎಂಟು ನೂರು ವರ್ಷಗಳಿಗೆ ಮಿಕ್ಕವು. ಅದು ಈಗ ಊರ ಕಟ್ಟಡದ ಮೇಲೆ ಹಲಗೆಯಾಗಿ ತೂಗುತ್ತಿದೆ. ಒಳಗೆ ಹೋಗುವ ಮಕ್ಕಳಿಲ್ಲದಿದ್ದರೆ ಹಲಗೆಯಿಂದ ಏನು ಫಲ?

"ನನಗೆ ಓದಲು ಬಾರದು, ಮಗುವಿಗೆ ಏನು ಹೇಳಿಕೊಡಲಿ?" ಎಂಬ ತಾಯಿಗೂ ಒಂದು ಮಾತು. ನೀವು ಹೇಳಿಕೊಡಬೇಕಾಗಿಲ್ಲ, ತಾಯೀ, ಕೇಳಬೇಕು. ರೊಟ್ಟಿ ಬಡಿಯುವಾಗ ಮಗುವನ್ನು ಒಲೆಯ ಬಳಿ ಕೂಡ್ರಿಸಿಕೊಂಡು, "ಇವತ್ತು ಏನು ಓದಿದಿ, ನನಗ ಹೇಳು" ಎನ್ನಿರಿ. ಹೇಳಲು ಹೊರಟಾಗ ಮಗುವಿಗೆ ತನಗೆ ತಿಳಿಯದ ಭಾಗವು ತಾನೇ ಗೋಚರವಾಗುವದು. ಮೂವತ್ತು ವರ್ಷ ಪಾಠ ಹೇಳಿದ ನನ್ನ ಅನುಭವವೂ ಇದೇ ಆಗಿದೆ. ಹೇಳಿಕೊಟ್ಟಾಗ ಕಲಿತದ್ದು ಕೇಳಿ ಕಲಿತದ್ದಕ್ಕಿಂತ ಹೆಚ್ಚು.

ಇನ್ನು ಮೂರನೆಯದು, ಕಿಶೋರಾವಸ್ಥೆ. ಇಲ್ಲಿ ನಾನು ನನ್ನ ತಪ್ಪನ್ನು ಈ ಸಭೆಯ ಮುಂದೆ ಒಪ್ಪಿಕೊಳ್ಳಬೇಕಾಗಿದೆ.

ಬೆಂಡೋಲೆ ಅಡವಿಟ್ಟ ಆ ಭಕ್ತನ ಮಗನು ಮುಂದಿನ ವರ್ಷ ನಮ್ಮ ಪ್ರಸಾದನಿಲಯಕ್ಕೆ ಸೇರಿದನು. ಹದಿನೈದರ ಹುಡುಗ. ಮೊದಲು ಚೆನ್ನಾಗಿ ಓದುತ್ತಿದ್ದವನು ಬರಬರುತ್ತ ಮಾತು ಬಿಟ್ಟನು. ಪಂಕ್ತಿಯಲ್ಲಿ ಅರ್ಧ ಉಂಡು ಏಳುತ್ತಿದ್ದನು. ಬೆಳಗಿನ ಪೂಜೆಗೆ ಏಳುತ್ತಿರಲಿಲ್ಲ. ಒಂದು ದಿನ ಅವನ ಹಾಸಿಗೆಯಲ್ಲಿ ಅಡಗಿಸಿಟ್ಟ ಮೊಬೈಲು ದೊರೆಯಿತು. ನಾನು ಎಲ್ಲ ಹುಡುಗರ ಮುಂದೆ ಅವನನ್ನು ನಿಲ್ಲಿಸಿ, "ನಿನ್ನ ತಾಯಿಯ ಕಿವಿ ಬರಿದು ಮಾಡಿ ಇದನ್ನು ಓದುತ್ತೀಯಾ?" ಎಂದು ಬೈದೆನು. ಆ ರಾತ್ರಿ ಹುಡುಗನು ನಿಲಯವನ್ನು ಬಿಟ್ಟು ಹೋದನು. ಬೆಳಗಿನ ಜಾವ ಬಸ್ಸು ನಿಲ್ದಾಣದ ಚಹದ ಅಂಗಡಿಯವನು ಅವನನ್ನು ಕಂಡು, ಕೂಡಿಸಿ, ಚಹ ಕೊಟ್ಟು, ಮಠಕ್ಕೆ ಸುದ್ದಿ ಕಳುಹಿಸಿದನು. ಆ ಪುಣ್ಯಾತ್ಮನು ಇಲ್ಲದಿದ್ದರೆ ಏನಾಗುತ್ತಿತ್ತೋ ಶಿವನೇ ಬಲ್ಲ. ಆ ನಾಲ್ಕು ತಾಸುಗಳಲ್ಲಿ ನಾನು ಮಾಡಿದ ಜಪವನ್ನು ನನ್ನ ಆಯುಷ್ಯದಲ್ಲಿ ಮತ್ತೆಂದೂ ಮಾಡಿಲ್ಲ.

ಹುಡುಗನು ಮರಳಿ ಬಂದನು, ಆದರೆ ಮಾತನಾಡಲಿಲ್ಲ. ನಮ್ಮ ಶಾಲೆಯ ಶಿಕ್ಷಕಿಯೊಬ್ಬರ ಸಲಹೆಯಂತೆ ನಾನು ೧೪೪೧೬ ಎಂಬ ಸಂಖ್ಯೆಗೆ ದೂರವಾಣಿ ಮಾಡಿದೆನು. ಇದು ೨೦೨೨ ರ ಅಕ್ಟೋಬರ ೧೦ ರಂದು ಆರಂಭವಾದ 'ಟೆಲಿ ಮಾನಸ್' ಎಂಬ ಸರಕಾರದ ಸೇವೆ; ಹಗಲಿರುಳು ಕನ್ನಡದಲ್ಲಿಯೂ ದೊರೆಯುತ್ತದೆ; ಹಣವಿಲ್ಲ, ಹೆಸರು ಬಯಲಾಗುವ ಭಯವಿಲ್ಲ. ಅತ್ತ ಕಡೆಯಿಂದ ಮಾತನಾಡಿದ ತಾಯಿಯು ನನಗೆ ಉಪದೇಶವನ್ನೇನೂ ಮಾಡಲಿಲ್ಲ. "ಅಪ್ಪಾಜಿ, ನೀವು ಅವನ ಹತ್ತಿರ ಹತ್ತು ನಿಮಿಷ ಕೂಡಿರಿ. ಪ್ರಶ್ನೆ ಕೇಳಬೇಡಿರಿ, ಬುದ್ಧಿ ಹೇಳಬೇಡಿರಿ. ಅವನು ಏನಾದರೂ ಹೇಳಿದರೆ ಕೇಳಿರಿ, ಹೇಳದಿದ್ದರೂ ಕೂತೇ ಇರಿ" ಎಂದಳು. ಮೂರು ಸಂಜೆ ಕುಳಿತೆನು. ಬುದ್ಧಿ ಹೇಳದೆ ಕೂಡುವದು ನನಗೆ ಎಷ್ಟು ಕಠಿಣವೆಂಬುದು ಅಂದೇ ತಿಳಿಯಿತು. ನಾಲ್ಕನೆಯ ಸಂಜೆ ಹುಡುಗನು ಅತ್ತನು. ಗಣಿತವು ಅವನಿಗೆ ತಿಳಿಯುತ್ತಿರಲಿಲ್ಲ. ತಂದೆಯು ಸಾಲ ಮಾಡಿ ಪಾಠದ ಯಂತ್ರ ತಂದ ಮೇಲೆ, ತಿಳಿಯಲಿಲ್ಲವೆಂದು ಹೇಳುವ ಧೈರ್ಯವೇ ಅವನಿಗೆ ಉಳಿಯಲಿಲ್ಲ. ಪ್ರತಿ ತಿಂಗಳ ಕಂತಿನ ದಿನ ಮನೆಯಲ್ಲಿ ನಡೆಯುವ ಮಾತುಗಳನ್ನು ಅವನು ಕೇಳಿಸಿಕೊಂಡಿದ್ದನು. ಆ ಅಂಜಿಕೆಯನ್ನು ಮರೆಯುವದಕ್ಕಾಗಿ ರಾತ್ರಿಯೆಲ್ಲ ಮೊಬೈಲಿನ ಆಟದಲ್ಲಿ ಮುಳುಗುತ್ತಿದ್ದನು. ಅಂಥ ಹುಡುಗನಿಗೆ ನಾನು ತುಂಬಿದ ಸಭೆಯಲ್ಲಿ ತಾಯಿಯ ಕಿವಿಯ ಮಾತನ್ನಾಡಿದ್ದೆನು.

ಶರಣಬಂಧುಗಳೇ, ಹತ್ತರಿಂದ ಹತ್ತೊಂಬತ್ತರ ಈ ವಯಸ್ಸಿನಲ್ಲಿ ದೇಹವು ಮೊದಲು ಬೆಳೆಯುತ್ತದೆ. ಆವೇಗವನ್ನು ತಡೆದು ಪರಿಣಾಮವನ್ನು ಆಲೋಚಿಸುವ ಮಿದುಳಿನ ಮುಂಭಾಗವು ಇಪ್ಪತ್ತೈದರ ಸುಮಾರಿಗೆ ಪಕ್ವವಾಗುತ್ತದೆಂದು ಶಾಸ್ತ್ರಜ್ಞರು ಹೇಳುತ್ತಾರೆ. ಎತ್ತರದಲ್ಲಿ ತಂದೆಯನ್ನು ಮೀರಿದ ಮಗನು ವಿವೇಕದಲ್ಲಿಯೂ ಮೀರಿರಬೇಕೆಂದು ನಾವು ಬಯಸುವದು ನಮ್ಮ ತಪ್ಪು. ಈ ವಯಸ್ಸಿನವರ ಸಲುವಾಗಿ ೨೦೧೪ ರಿಂದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮವಿದೆ. ಸರಕಾರೀ ಆಸ್ಪತ್ರೆಗಳಲ್ಲಿ ನಡೆಯುವ 'ಸ್ನೇಹ ಕ್ಲಿನಿಕ್ಕು'ಗಳಲ್ಲಿ ದೇಹದ ಬದಲಾವಣೆಯ ವಿಷಯವಾಗಿಯೂ ಮನಸ್ಸಿನ ಕ್ಲೇಶದ ವಿಷಯವಾಗಿಯೂ ಗುಟ್ಟಾಗಿ ಕೇಳಬಹುದು. ಮೊಬೈಲಿನ ಗೀಳು ಮಿತಿಮೀರಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ೨೦೧೪ ರಲ್ಲಿಯೇ ಒಂದು ಪ್ರತ್ಯೇಕ ಚಿಕಿತ್ಸಾವಿಭಾಗವು ಆರಂಭವಾಯಿತು. ಮಗುವಿಗೆ ಯಾರಾದರೂ ಕೇಡು ಮಾಡಿದರೆ, ಅಥವಾ ಎಲ್ಲಿಯಾದರೂ ಬಾಲ್ಯವಿವಾಹವು ನಿಶ್ಚಯವಾದರೆ, ೧೦೯೮ ಎಂಬ ಮಕ್ಕಳ ಸಹಾಯವಾಣಿಗೆ ಹಗಲಿರುಳು ತಿಳಿಸಬಹುದು.

ಹೆಣ್ಣುಮಕ್ಕಳ ವಿಷಯವಾಗಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಬಸವಾದಿ ಪ್ರಮಥರು ಪಂಚಸೂತಕಗಳನ್ನು ಅಲ್ಲಗಳೆದರು. ಅವುಗಳಲ್ಲಿ ರಜಸ್ಸೂತಕವೂ ಒಂದು. ಲಿಂಗವನ್ನು ಧರಿಸಿದ ಅಂಗಕ್ಕೆ ಮೈಲಿಗೆಯಿಲ್ಲ. ಹೀಗಿದ್ದರೂ ನಮ್ಮ ಎಷ್ಟೋ ಮನೆಗಳಲ್ಲಿ ಮಗಳು ಮೈನೆರೆದ ದಿನವೇ ಅವಳನ್ನು ಮೂಲೆಯಲ್ಲಿ ಕೂಡ್ರಿಸಿ, ಏನಾಯಿತೆಂಬುದನ್ನು ತಿಳಿಸದೆ, ಮುಟ್ಟಬೇಡವೆಂಬುದನ್ನಷ್ಟೇ ಕಲಿಸುತ್ತಾರೆ. ಅಂಜಿದ ಮಗಳು ಅರೆಬರೆ ತಿಳಿದ ಗೆಳತಿಯನ್ನು ಕೇಳುವಳು, ಅಥವಾ ಮೊಬೈಲನ್ನು ಕೇಳುವಳು. ತಾಯಂದಿರೇ, ಮೊದಲು ನೀವು ಹೇಳಿರಿ. ಹೇಳಲು ಸಂಕೋಚವಾದರೆ ಆಶಾ ಕಾರ್ಯಕರ್ತೆಯನ್ನು ಮನೆಗೆ ಕರೆದು ಹೇಳಿಸಿರಿ. ಇದನ್ನು ಮಠದ ವೇದಿಕೆಯಿಂದ ಹೇಳುವದು ಅನುಚಿತವೆಂದು ಯಾರಿಗಾದರೂ ತೋರಿದರೆ, ಶರಣರು ಇದನ್ನು ಅನುಭವಮಂಟಪದ ಕಾಲದಲ್ಲಿಯೇ ಹೇಳಿದರೆಂದು ಅವರಿಗೆ ವಿನಯದಿಂದ ನೆನಪಿಸುತ್ತೇನೆ.

ಈ ಎಲ್ಲ ಸಾಧನಗಳನ್ನು ಪ್ರಸಾದದಂತೆ ಸ್ವೀಕರಿಸುವದಕ್ಕೆ ಮೂರು ನಿಯಮಗಳನ್ನು ಸೂಚಿಸಿ ಮುಗಿಸುತ್ತೇನೆ.

ಒಂದನೆಯದು ಪರಿಶೀಲನೆ. ಬೆಲೆಯಿಲ್ಲದ್ದೆಲ್ಲ ಪ್ರಸಾದವಲ್ಲ, ಗಾಳಕ್ಕೆ ಚುಚ್ಚಿದ ಎರೆಗೂ ಮೀನು ಬೆಲೆ ಕೊಡುವದಿಲ್ಲ. ಮೊಬೈಲಿನಲ್ಲಿ ಉಚಿತವೆಂದು ಬರುವ ಆಟಗಳೂ ಚಲಚ್ಚಿತ್ರಗಳೂ ಜಾಹೀರಾತಿನ ಮೂಲಕ ಮಗುವಿನ ಹೊತ್ತನ್ನೂ ಗಮನವನ್ನೂ ಮಾರಿ ಹಣ ಗಳಿಸುತ್ತವೆ. ಕೊಡುವವರು ಯಾರು, ಇದರಿಂದ ಅವರಿಗೇನು ಲಾಭ, ಮಗುವಿನ ಹೆಸರು ವಿಳಾಸಗಳನ್ನು ಏಕೆ ಕೇಳುತ್ತಾರೆ ಎಂದು ವಿಚಾರಿಸಿರಿ. ೨೦೨೩ ರಲ್ಲಿ ಆದ ವೈಯಕ್ತಿಕ ದತ್ತಾಂಶದ ಕಾಯಿದೆಯು, ಹದಿನೆಂಟು ತುಂಬದವರ ಮಾಹಿತಿಯನ್ನು ಬಳಸುವದಕ್ಕೆ ಪಾಲಕರ ಒಪ್ಪಿಗೆ ಬೇಕೆಂದು ವಿಧಿಸಿದೆ. ಒಪ್ಪಿಗೆ ಕೊಡುವ ಕೈ ನಿಮ್ಮದಾದ ಮೇಲೆ, ಓದದೆ ಒತ್ತಬೇಡಿರಿ.

ಎರಡನೆಯದು ಮಿತ. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಲಕ್ಕಮ್ಮನು ಅದನ್ನು ಒಲೆಯ ಮೇಲಿಡದೆ ಮರಳಿ ಸುರಿದು ಬರಲು ಹೇಳಿದ ಕಥೆಯನ್ನು ನೀವೆಲ್ಲರೂ ಬಲ್ಲಿರಿ. ಬೆಲೆಯಿಲ್ಲವೆಂದು ಹತ್ತು ಆ್ಯಪುಗಳನ್ನು ತುಂಬಿ, ಮಗುವನ್ನು ಬೆಳಗಿನಿಂದ ರಾತ್ರಿಯವರೆಗೆ ಅವುಗಳ ಮುಂದೆ ಕೂಡಿಸುವದೂ ಆಸೆಯೇ. ಒಂದು ಸಾಧನ, ಒಂದು ಗೊತ್ತಾದ ಹೊತ್ತು, ಆ ಮೇಲೆ ಬಯಲಿನಲ್ಲಿ ಆಟ, ಇದು ಸಾಕು. ಮಲಗುವ ಕೋಣೆಯಲ್ಲಿ ಮೊಬೈಲು ಬೇಡ. ಮಕ್ಕಳದೂ ಬೇಡ, ನಿಮ್ಮದೂ ಬೇಡ.

ಮೂರನೆಯದು ಹಂಚಿಕೆ. ಒಬ್ಬನೇ ಉಂಡರೆ ಅದು ಪ್ರಸಾದವಾಗದು. ನಿಮಗೆ ತಿಳಿದದ್ದನ್ನು ನೆರೆಮನೆಯ ತಾಯಿಗೆ ತಿಳಿಸಿರಿ. ಪ್ರತಿ ಸೋಮವಾರ ಪೂಜೆಯ ತರುವಾಯ ಶ್ರೀಮಠದ ಅಂಗಳದಲ್ಲಿ ಒಂದು ತಾಸು ಪಾಲಕರಿಗಾಗಿ ಮೀಸಲಿಡಬೇಕೆಂದು ಸನ್ನಿಧಿಯವರಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಅಂಗನವಾಡಿಯ ಕಾರ್ಯಕರ್ತೆ, ಶಾಲೆಯ ಶಿಕ್ಷಕರು, ಅರಿವು ಕೇಂದ್ರದ ಮೇಲ್ವಿಚಾರಕರು ಸರದಿಯಂತೆ ಬಂದು ಹೇಳಲಿ. ನಮ್ಮ ಶಾಲೆಯ ಬಾಲಿಕೆಯರು ಪುಸ್ತಕದ ಆ ಚೌಕವನ್ನು ತೋರಿಸಿಕೊಡಲಿ. ಯಾವ ಜಾತಿಯವರು ಬಂದರೂ ಕೂಡಲು ಜಾಗವಿರಲಿ. ಇದಕ್ಕೆ ಕಟ್ಟಡವೂ ಬೇಡ, ದೇಣಿಗೆಯೂ ಬೇಡ. ಒಂದು ಚಾಪೆ ಸಾಕು.

ಆ ಹುಡುಗನ ಸಂಗತಿಯನ್ನು ಕೇಳುವಿರಿ. ಆ ವರ್ಷದ ಗಣಿತವನ್ನು ಅವನು ಆ ಬಾಲಿಕೆಯ ಅಣ್ಣನ ಸಂಗಡ ಕುಳಿತು, ಐದನೆಯ ಇಯತ್ತೆಯ ಭಿನ್ನರಾಶಿಗಳಿಂದ ಮರಳಿ ಆರಂಭಿಸಿ ಕಲಿತನು. ಮೊದಲಿಗನಾಗಲಿಲ್ಲ, ಉತ್ತೀರ್ಣನಾದನು. ಕಂತುಗಳು ತೀರುವದಕ್ಕೆ ಮತ್ತೆ ಒಂದು ವರ್ಷ ಹಿಡಿಯಿತು. ಬೆಂಡೋಲೆಗಳು ಇನ್ನೂ ಮರಳಿಲ್ಲ. ಆದರೆ ಈಗ ತಂದೆ ಮಗ ಇಬ್ಬರೂ ಒಬ್ಬರೊಡನೊಬ್ಬರು ಮಾತನಾಡುತ್ತಾರೆ. ನಾನು ಅವನಲ್ಲಿ ಕ್ಷಮೆ ಬೇಡಿದಾಗ ಅವನು ಬಗ್ಗಿ ನನ್ನ ಪಾದ ಮುಟ್ಟಲು ಬಂದನು. ನಾನು ಅವನ ಕೈಗಳನ್ನು ಹಿಡಿದುಕೊಂಡೆನು. ಗುರುವು ತಪ್ಪಿದರೆ ಶಿಷ್ಯನ ಮುಂದೆ ಒಪ್ಪಿಕೊಳ್ಳಬೇಕೆಂಬ ಪಾಠವು ನನ್ನ ಪಾಠಶಾಲೆಯಲ್ಲಿ ಇರಲಿಲ್ಲ. ಅದನ್ನು ಆ ಮಗುವೇ ಕಲಿಸಿತು.

ಮಕ್ಕಳು ನಮ್ಮ ಆಸ್ತಿಯಲ್ಲ. ಶಿವನು ನಮ್ಮ ಕೈಯಲ್ಲಿಟ್ಟ ನಿಕ್ಷೇಪವು. ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕಣ್ಣು ಕದಲಿಸದೆ ನೋಡುವ ನಾವು, ದಿನಕ್ಕೆ ಹತ್ತು ನಿಮಿಷವಾದರೂ ಮಗುವಿನ ಮುಖವನ್ನು ಹಾಗೆಯೇ ನೋಡುವಂತಾಗಲಿ. ಮಿಕ್ಕ ಸಾಧನಗಳೆಲ್ಲ ಆ ನೋಟದ ಬೆನ್ನಿಗೆ ಬರುವವು.